ಪದ ಬೇಕು: ಬ್ಲ್ಯಾಡರ್‌ವರ್ಟ್‌ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕಿತ್ತು. ಉಡುಪಿ ಕಡೆಯ ಶಾಲೆಯೊಂದರ ತೋಟದಲ್ಲಿ ಪುಟ್ಟ ಜೌಗು ಕೊಳ ಮಾಡಿದ್ದೇವೆ. ಅದರಲ್ಲಿ ಹಳದಿ ಹೂವಿನ ಬ್ಲ್ಯಾಡರ್‌ವರ್ಟ್ (ಯುಟ್ರಿಕುಲೇರಿಯಾ ಔರಿಯಾ) ಬೆಳೆಸುತ್ತಿದ್ದೇವೆ. ನಾಳೆ ಬೆಳಿಗ್ಗೆ ಬೋರ್ಡ್ ಬರೆಯುವವರು ಬರುತ್ತಾರೆ. 'ಮಾಂಸಾಹಾರಿ ಜಲಸಸ್ಯ' ಅಂತ ಬರೆದರೆ ಚಿಕ್ಕ ಮಕ್ಕಳು ಕೊಳದ ಹತ್ತಿರವೂ ಬರಲ್ಲ. 'ಗುಳ್ಳೆಗಿಡ' ಆಗಬಹುದಾ?

ಉತ್ತರ:
ಮಾಂಸವೂ ಬೇಡ, ಆಹಾರವೂ ಬೇಡ. 'ಬಾಡುಣಿ ಗಿಡ'. ಅಚ್ಚಗನ್ನಡ. ಮುಗೀತು.

ಉತ್ತರ:
ಮುಗಿದಿಲ್ಲ. ಗಿಡದ ಪಕ್ಕದಲ್ಲಿ 'ಬಾಡು' ಅಂತ ಕಂಡರೆ ಓದುವವರಿಗೆ ಮೊದಲು ಹೊಳೆಯುವುದು ಬಾಡಿ ಹೋದ ಗಿಡ. ಮಾಂಸಕ್ಕೆ ಬಾಡು ಅನ್ನುವುದು ಹಳೆ ಮೈಸೂರಿನ ಕಡೆ ಜಾಸ್ತಿ, ಉಡುಪಿಯಲ್ಲಿ ಅಲ್ಲ.

ಗುಳ್ಳೆಯೂ ಸರಿಯಿಲ್ಲ. ಈ ಗಿಡದ ಪುಟ್ಟ ಚೀಲಗಳಲ್ಲಿ ಗಾಳಿ ತುಂಬಿರುತ್ತದೆ, ಗಿಡ ತೇಲುವುದು ಅದರಿಂದಲೇ ಅಂತ ಹಿಂದೆ ಎಷ್ಟೋ ಜನ ನಂಬಿದ್ದರು. ಅವು ಹುಳ ಹಿಡಿಯುವ ಬಲೆ ಅಂತ ಡಾರ್ವಿನ್ 1875ರಲ್ಲೇ ಬರೆದ. ಆದರೆ ಹುಳ ತಾನೇ ತಲೆ ತೂರಿಸಿ ಒಳಗೆ ಹೋಗುತ್ತದೆ ಅಂತ ಅವನೂ ಅಂದುಕೊಂಡಿದ್ದ. ನಿಜವಾಗಿ ನಡೆಯುವುದೇ ಬೇರೆ. ಚೀಲ ಒಳಗಿನ ನೀರನ್ನು ಹೊರಗೆ ಹಾಕಿ, ಪಕ್ಕಗಳನ್ನು ಒಳಕ್ಕೆ ಎಳೆದುಕೊಂಡು ಕಾಯುತ್ತದೆ. ಬಾಗಿಲ ಹತ್ತಿರದ ಕೂದಲಿಗೆ ಸೊಳ್ಳೆಮರಿ ತಗುಲಿತೋ, ಬಾಗಿಲು ತೆರೆದು, ಚೀಲ ಉಬ್ಬಿ, ನೀರಿನ ಜೊತೆ ಅದನ್ನೂ ಹೀರಿಬಿಡುತ್ತದೆ. ಇಷ್ಟೆಲ್ಲ ಆಗುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ! ಕಮ್ಮಾರ ಬೆಂಕಿಗೆ ಗಾಳಿ ಊದುವ ತಿದಿಯೂ ಹೀಗೇ ಉಬ್ಬಿದಾಗ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅಲ್ವಾ? ಲ್ಯಾಟಿನ್ನಿನ ಉಟ್ರಿಕುಲಸ್ ಅಂದರೂ ಪುಟ್ಟ ತೊಗಲಿನ ಚೀಲವೇ. 'ತಿದಿಗಿಡ' ಅನ್ನಿ.

ಉತ್ತರ:
ತಿದಿ ದೃತಿಯ ತದ್ಭವ. ಮತ್ತೆ ಸಂಸ್ಕೃತವೇ. ಒಪ್ಪಲ್ಲ.

ಉತ್ತರ:
ಒಪ್ಪದಿದ್ದರೆ ಬಿಡಿ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ತದ್ಭವಗಳಿಗೆ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ. ಕುಲುಮೆಯಲ್ಲಿ ತಿದಿ ಒತ್ತುವವರು ಯಾರೂ ದೃತಿಯನ್ನು ಕೇಳಿಕೊಂಡು ಒತ್ತಲಿಲ್ಲ. ಹೀಗೆ ಬೇರು ಹುಡುಕಿ ಕೀಳುತ್ತಾ ಹೋದರೆ 'ಶಾಲೆ'ಯನ್ನೂ ಕೀಳಬೇಕು, 'ಬೋರ್ಡ'ನ್ನೂ ಕೀಳಬೇಕು. ಆಮೇಲೆ ಬರೆಯುವುದಾದರೂ ಎಲ್ಲಿ?

ಉತ್ತರ:
'ಜೌಗು ಕೊಳ' ಅನುವಾದದ ಹಾಗೆ ಕೇಳುತ್ತದೆ. ನಮ್ಮ ಮಲೆನಾಡಿನ 'ಹಡ್ಲು' ಇರುವಾಗ ಅದೇಕೆ?

ಉತ್ತರ:
ಕರಾವಳಿಯಲ್ಲಿ ಹಡಿಲು ಅಂದರೆ ಬೇಸಾಯ ಬಿಟ್ಟ ಗದ್ದೆ. ಸುಮ್ನೆ ಗೊಂದಲ. ಜೌಗು ಕೊಳವೇ ಇರಲಿ.

ಕೇಳಿದವರಿಂದ:
ಎಲ್ಲರಿಗೂ ಧನ್ಯವಾದ. ತಿದಿಗಿಡ ಅಂತಲೇ ಬರೆಸುತ್ತೇನೆ. ಇಲ್ಲಿನ ಮಕ್ಕಳು ಕುಲುಮೆ ನೋಡಿಲ್ಲ, ಹಾಗಾಗಿ ಕೆಳಗೆ ಎರಡು ಸಾಲು ವಿವರ ಬೇಕೇ ಬೇಕು. ಬೋರ್ಡಿನಲ್ಲಿ ಬರುವುದು ಇಷ್ಟು:

"ತಿದಿಗಿಡ. ಇದಕ್ಕೆ ಬೇರಿಲ್ಲ. ನೀರಲ್ಲಿ ತೇಲುತ್ತಾ ಪುಟ್ಟ ಹುಳಗಳನ್ನು ಹೀರುತ್ತದೆ. ಬೆರಳು ಕಚ್ಚುವುದಿಲ್ಲ. ಮಳೆನೀರು ಮಾತ್ರ ಹಾಕಿ, ಗೊಬ್ಬರ ಬೇಡ."

ಗೊಬ್ಬರದ ಮಾತು ತೆಗೆಯಲು ಆಗಲ್ಲ. ಗೊಬ್ಬರ ಬಿದ್ದರೆ ಪಾಚಿ ಮುತ್ತಿ ಗಿಡವನ್ನೇ ಮುಚ್ಚಿಬಿಡುತ್ತದೆ. 'ಹೀರುತ್ತದೆ' ಸರಿಯಾ, 'ಒಳಗೆಳೆಯುತ್ತದೆ' ಸರಿಯಾ? ರಾತ್ರಿಯೊಳಗೆ ಹೇಳಿ.