ಆ್ಯಪ್‌ ಸಾಲ ನಿರಾಕರಿಸಿದರೆ ಕಾರಣ ಕೇಳುವ ಹಕ್ಕು ನಮಗಿದೆಯೇ?

ಪ್ರಶ್ನೆ: ಆಳಂದ ತಾಲ್ಲೂಕಿನ ಓದುಗ

ಎಲ್ಲರಿಗೂ ನಮಸ್ಕಾರ. ನನ್ನ ಚಿಕ್ಕಮ್ಮನ ಮಗಳು ನಮ್ಮ ತಾಂಡಾದಲ್ಲಿ ಹನ್ನೊಂದು ವರ್ಷಗಳಿಂದ ಹೊಲಿಗೆ ಕೆಲಸ ಮಾಡುತ್ತಿದ್ದಾಳೆ. ಸ್ವಸಹಾಯ ಸಂಘದಲ್ಲಿ ಮೂರು ಸಲ ಸಾಲ ಪಡೆದು, ಒಂದು ಕಂತನ್ನೂ ತಪ್ಪಿಸದೆ ತೀರಿಸಿದವಳು. ಕಳೆದ ತಿಂಗಳು ಮೋಟಾರ್‌ ಹೊಲಿಗೆ ಯಂತ್ರಕ್ಕೆಂದು ಒಂದು ಬ್ಯಾಂಕಿನ ಆ್ಯಪ್‌ನಲ್ಲಿ 60 ಸಾವಿರ ರೂಪಾಯಿ ಸಾಲ ಕೇಳಿದೆವು. ವಿವರ ತುಂಬಿದವನು ನಾನೇ. ಆಧಾರ್‌, ಪ್ಯಾನ್‌, ಪಿನ್‌ ಕೋಡ್‌, ಖಾತೆಯ ವಿವರ ಎಲ್ಲ ಕೊಟ್ಟು ಒಪ್ಪಿಗೆಯ ಗುಂಡಿ ಒತ್ತಿದಾಗ ಪರದೆಯ ಮೇಲೆ ಚಕ್ರವೊಂದು ಸುತ್ತತೊಡಗಿತು. ಒಂದು ನಿಮಿಷವೂ ಆಗಿರಲಿಲ್ಲ, ‘ಕ್ಷಮಿಸಿ, ನಿಮ್ಮ ಅರ್ಜಿ ನಮ್ಮ ಆಂತರಿಕ ಮಾನದಂಡಗಳಿಗೆ ಹೊಂದಿಕೆಯಾಗಿಲ್ಲ’ ಎಂಬ ಸಾಲು ಬಂತು.

ಶಾಖೆಗೆ ಹೋಗಿ ವಿಚಾರಿಸಿದರೆ ಅಲ್ಲಿನ ಅಧಿಕಾರಿ ತಮ್ಮ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, ‘ನೋಡಿ, ನನಗೂ ಇಷ್ಟೇ ಕಾಣುತ್ತದೆ, ಸಿಸ್ಟಂ ಬೇಡ ಅಂದಿದೆ’ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದೇ ವಾರ, ಕಲಬುರಗಿ ನಗರದಲ್ಲಿ ಇವಳಷ್ಟೇ ಗಳಿಸುವ ಗೆಳತಿಗೆ ಅದೇ ಆ್ಯಪ್‌ ಸಾಲ ಕೊಟ್ಟಿತು. ತಾಂಡಾದ ವಿಳಾಸವನ್ನು ನೋಡಿ ಬೇಡವೆಂದಿತೋ, ಹೆಸರನ್ನು ನೋಡಿಯೋ, ಖಾತೆಯಲ್ಲಿ ಉಳಿದ ಹಣವನ್ನು ನೋಡಿಯೋ, ತಿಳಿಯುವ ದಾರಿ ಇದೆಯೇ? ಇಂಥ ನಿರ್ಧಾರಗಳಲ್ಲಿ ತಾರತಮ್ಯವನ್ನು ತಡೆಯುವ ಕಾನೂನು ನಮ್ಮಲ್ಲಿದೆಯೇ?

ಉತ್ತರ 1: ನಿವೃತ್ತ ಬ್ಯಾಂಕ್‌ ಅಧಿಕಾರಿ, ಕಲಬುರಗಿ

ಮೊದಲು ಕೈಗೆ ಸಿಗುವ ದಾರಿ ಹೇಳುತ್ತೇನೆ. ಸಾಲದ ಮೊತ್ತ ಎಷ್ಟೇ ಇರಲಿ, ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ರಿಸರ್ವ್‌ ಬ್ಯಾಂಕು ಬ್ಯಾಂಕುಗಳಿಗೆ ಬಹಳ ಹಿಂದೆಯೇ ಸೂಚಿಸಿದೆ. ‘ಆಂತರಿಕ ಮಾನದಂಡ’ ಎನ್ನುವುದು ಕಾರಣವಾಗುವುದಿಲ್ಲ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್‌ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ.

ಜೊತೆಗೆ ತಂಗಿಯ ಕ್ರೆಡಿಟ್‌ ವರದಿ, ಅಂದರೆ ಸಾಲ ಪಡೆದು ತೀರಿಸಿದ್ದರ ದಾಖಲೆ, ತೆಗೆಸಿ. ವರ್ಷಕ್ಕೊಮ್ಮೆ ಅದು ಉಚಿತ. ಸಂಘದ ಸಾಲ ತೀರಿಸಿದ್ದು ಅವರ ಹೆಸರಿನಲ್ಲಿ ದಾಖಲಾಗಿದೆಯೇ ಎಂದು ನೋಡಿ. ನಮ್ಮ ಭಾಗದಲ್ಲಿ ಒಂದು ಕಾಗದದಲ್ಲಿ ಶಾಂತಾಬಾಯಿ, ಇನ್ನೊಂದರಲ್ಲಿ ಶಾಂತಬಾಯಿ, ಮತ್ತೊಂದರಲ್ಲಿ ಬರೀ ಶಾಂತಾ ಎಂದಿರುತ್ತದೆ. ಜಿಲ್ಲೆಯ ಹೆಸರೇ 2014ರವರೆಗೆ ಗುಲಬರ್ಗಾ ಎಂದಿತ್ತು. ಎದುರಿಗೆ ಕುಳಿತ ಮನುಷ್ಯ ಇದನ್ನು ಒಂದೇ ನೋಟಕ್ಕೆ ಅರಿಯುತ್ತಾನೆ, ಯಂತ್ರ ಅರಿಯಬೇಕೆಂದಿಲ್ಲ. ತಪ್ಪಿದ್ದರೆ ತಿದ್ದಲು ಅರ್ಜಿ ಕೊಡಿ. 30 ದಿನ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ.

ಉತ್ತರ 2: ಕಂಪ್ಯೂಟರ್‌ ವಿಜ್ಞಾನದ ಉಪನ್ಯಾಸಕ, ಯಾದಗಿರಿ

ಹಿರಿಯರು ಹೇಳಿದ್ದು ಸರಿ, ಆದರೆ ಒಬ್ಬರಿಗೆ ಕಾರಣ ತಿಳಿಸಿದ ಮಾತ್ರಕ್ಕೆ ತಾರತಮ್ಯ ಬಯಲಾಗುವುದಿಲ್ಲ. ‘ನಾವು ಜಾತಿ, ಧರ್ಮ ಕೇಳುವುದೇ ಇಲ್ಲ’ ಎಂದು ಕಂಪನಿಗಳು ಹೇಳುತ್ತವೆ. ಕೇಳಬೇಕಾಗಿಯೇ ಇಲ್ಲ. ಅಡ್ಡಹೆಸರು, ಪಿನ್‌ ಕೋಡ್‌, ಖಾತೆಯಲ್ಲಿ ಹಣ ಬಂದು ಹೋಗುವ ರೀತಿ, ಇವೇ ಅದನ್ನು ಹೇಳಿಬಿಡುತ್ತವೆ. ಅಮೆಜಾನ್‌ ಕಂಪನಿಯು ನೇಮಕಾತಿಗೆಂದು ಪ್ರಯೋಗಿಸಿದ್ದ ವ್ಯವಸ್ಥೆಯೊಂದು ಹತ್ತು ವರ್ಷಗಳ ಹಳೆಯ ಅರ್ಜಿಗಳಿಂದ ಕಲಿತು, ‘ಮಹಿಳೆಯರ’ ಎಂಬ ಪದವಿದ್ದ ಅರ್ಜಿಗಳಿಗೆ ಕಡಿಮೆ ಅಂಕ ಕೊಡುತ್ತಿದ್ದುದು 2018ರಲ್ಲಿ ವರದಿಯಾಯಿತು. ಹೆಣ್ಣನ್ನು ಕೆಳಗಿಡು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿಗೇ ಬನ್ನಿ. ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬದ ಪಾಸ್‌ಬುಕ್ಕನ್ನು ನಾನು ನೋಡಿದ್ದೇನೆ: ಕೆಲವು ತಿಂಗಳು ವಾರವಾರವೂ ಜಮಾ, ಆಮೇಲೆ ತಿಂಗಳುಗಟ್ಟಲೆ ಒಂದು ಸಾಲೂ ಇಲ್ಲ. ನಮಗೆ ಅದು ದುಡಿಮೆಯ ಲೆಕ್ಕ, ಸಂಬಳದಾರರ ಖಾತೆಗಳನ್ನೇ ನೋಡಿ ಕಲಿತ ಯಂತ್ರಕ್ಕೆ ಅಪಾಯದ ಗುರುತು. ಅಲ್ಲದೆ, ಹಿಂದೆ ಯಾರಿಗೆ ಸಾಲವನ್ನೇ ಕೊಟ್ಟಿಲ್ಲವೋ ಅವರು ಮರಳಿಸುತ್ತಾರೆ ಎಂಬುದಕ್ಕೆ ಯಂತ್ರದ ಬಳಿ ಪುರಾವೆ ಎಲ್ಲಿಂದ ಬರಬೇಕು?

ಆದ್ದರಿಂದ ಗುಂಪುಗಳ ನಡುವಿನ ಅಂತರವನ್ನು ಅಳೆಯಬೇಕು. ನಗರದ 100 ಅರ್ಜಿಗಳಲ್ಲಿ 50ಕ್ಕೆ, ತಾಂಡಾಗಳ 100ರಲ್ಲಿ 30ಕ್ಕೆ ಒಪ್ಪಿಗೆ ಸಿಕ್ಕಿದೆ ಎಂದುಕೊಳ್ಳಿ. ಎರಡನೆಯದು ಮೊದಲನೆಯದರ ಶೇ 60 ಮಾತ್ರ. ಅಮೆರಿಕದಲ್ಲಿ ಉದ್ಯೋಗ ನೇಮಕಾತಿಗೆ 1978ರಿಂದ ಇರುವ ಮಾರ್ಗಸೂಚಿಯ ಪ್ರಕಾರ ಈ ಪ್ರಮಾಣ ಶೇ 80ಕ್ಕಿಂತ ಕೆಳಗಿಳಿದರೆ ತಾರತಮ್ಯದ ಸಂಶಯಕ್ಕೆ ಎಡೆಯಾಗುತ್ತದೆ. ನೇಮಕಾತಿಯ ತಂತ್ರಾಂಶಗಳು ಪ್ರತಿವರ್ಷ ಸ್ವತಂತ್ರ ಪರಿಶೋಧನೆಗೆ ಒಳಪಡಬೇಕೆಂಬ ನ್ಯೂಯಾರ್ಕ್‌ ನಗರದ ಕಾನೂನು 2023ರ ಜುಲೈನಿಂದ ಜಾರಿಯಲ್ಲಿದೆ. ಸಾಲಕ್ಕೂ ನಮ್ಮಲ್ಲಿ ಇಂಥ ಪರಿಶೋಧನೆ ಕಡ್ಡಾಯವಾಗಲೇಬೇಕು.

ಉತ್ತರ 3: ವಕೀಲೆ, ಬೀದರ್‌

ಸಂವಿಧಾನದ 14 ಮತ್ತು 15ನೆಯ ವಿಧಿಗಳು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತವೆ. ಖಾಸಗಿ ಸಾಲದಾತರ ತಾರತಮ್ಯವನ್ನು ಒಟ್ಟಾರೆಯಾಗಿ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ವ್ಯಕ್ತಿಯ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಬಳಸುವ ಮಾಹಿತಿ ಪೂರ್ಣವೂ ನಿಖರವೂ ಆಗಿರಬೇಕೆಂದು 2023ರ ಡಿಜಿಟಲ್‌ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ, ಆದರೆ ಆ ನಿರ್ಧಾರವನ್ನು ಮನುಷ್ಯರಿಂದ ಮರುಪರಿಶೀಲಿಸುವಂತೆ ಕೇಳುವ ಹಕ್ಕನ್ನು ಕೊಡುವುದಿಲ್ಲ. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ (ಎಐ) ಕಾಯ್ದೆ, 2024ರ ಆಗಸ್ಟ್‌ 1ರಂದು ಜಾರಿಗೆ ಬಂದದ್ದು, ವ್ಯಕ್ತಿಗಳ ಸಾಲಾರ್ಹತೆ ಅಳೆಯುವ ವ್ಯವಸ್ಥೆಗಳನ್ನು ಹೆಚ್ಚಿನ ಅಪಾಯದ ಸಾಲಿಗೆ ಸೇರಿಸಿದೆ. ನಮ್ಮ ಕೇಂದ್ರ ಸರ್ಕಾರದ 2025ರ ನವೆಂಬರ್‌ನ ಎಐ ಮಾರ್ಗಸೂಚಿಗಳು ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡ ಎನ್ನುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ.

ಉಪನ್ಯಾಸಕರಿಗೆ ಒಂದು ಮಾತು. ಗುಂಪುಗಳನ್ನು ಹೋಲಿಸಬೇಕಾದರೆ ಅರ್ಜಿದಾರರ ಜಾತಿ, ಧರ್ಮ ಯಾರಿಗಾದರೂ ತಿಳಿದಿರಬೇಕಲ್ಲವೇ? ಅದನ್ನು ಸಾಲ ಕೊಡುವವರ ಕೈಗೇ ಒಪ್ಪಿಸಲು ನನಗೆ ಭಯವಾಗುತ್ತದೆ. ಪಕ್ಷಪಾತ ಪತ್ತೆಹಚ್ಚುವುದಕ್ಕೆಂದು ಮಾತ್ರ, ಬಿಗಿಯಾದ ಷರತ್ತುಗಳೊಡನೆ ಇಂಥ ಸೂಕ್ಷ್ಮ ಮಾಹಿತಿ ಬಳಸಲು ಐರೋಪ್ಯ ಕಾಯ್ದೆ ಅವಕಾಶ ಕೊಟ್ಟಿದೆ. ನಮ್ಮಲ್ಲಾದರೆ ಅದು ಸ್ವತಂತ್ರ ಪರಿಶೋಧಕರ ಬಳಿ ಮಾತ್ರ ಇರಬೇಕು.

ಇನ್ನು, ತಪ್ಪಾಗಿದೆಯೆಂದು ಸಾಬೀತುಪಡಿಸುವ ಹೊರೆಯನ್ನು ಬಡವರ ಮೇಲೆ ಹೊರಿಸಬಾರದು. ನಮ್ಮ ಗಡಿಯಾಚೆಯ ತೆಲಂಗಾಣದಲ್ಲಿ ಕಂಪ್ಯೂಟರ್‌ ಲೆಕ್ಕದ ಆಧಾರದ ಮೇಲೆ ರದ್ದಾಗಿದ್ದ ಸುಮಾರು 19 ಲಕ್ಷ ಪಡಿತರ ಚೀಟಿಗಳನ್ನು ಸ್ಥಳ ಪರಿಶೀಲನೆ ಮಾಡಿ ನೋಡಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್‌ ಆದೇಶಿಸಬೇಕಾಯಿತು. ಅಷ್ಟರಲ್ಲಿ ಆ ಮನೆಗಳ ಎಷ್ಟು ತಿಂಗಳ ಅಕ್ಕಿ ಹೋಯಿತು!

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ವರದಿ ತೆಗೆಸಿದೆವು. ಸಂಘದ ಮೂರು ಸಾಲಗಳಲ್ಲಿ ಒಂದೂ ಅದರಲ್ಲಿಲ್ಲ, ಹೆಸರಿನ ಕಾಗುಣಿತವೂ ಬೇರೆಯಾಗಿದೆ. ತಿದ್ದುಪಡಿಗೆ ಅರ್ಜಿ ಹಾಕಿ, ಬ್ಯಾಂಕಿಗೂ ದೂರು ಬರೆದಿದ್ದೇವೆ. ದೂರಿನ ಕೊನೆಯ ಸಾಲನ್ನು ತಂಗಿಯೇ ಹೇಳಿ ಬರೆಸಿದಳು: ‘ನನ್ನ ಪಿನ್‌ ಕೋಡನ್ನು ಲೆಕ್ಕಕ್ಕೆ ಹಿಡಿದಿದ್ದೀರೋ ಇಲ್ಲವೋ, ಅಷ್ಟನ್ನು ದಯವಿಟ್ಟು ಬರೆದು ತಿಳಿಸಿ.’ ವಕೀಲ ಮೇಡಂ, ಈ ಸಾಲು ಹೀಗೆಯೇ ಇರಬಹುದೇ?

ವಕೀಲೆ, ಬೀದರ್‌

ಇರಲಿ. ಒಂದಕ್ಷರವನ್ನೂ ಬದಲಿಸಬೇಡಿ, ಸ್ವೀಕೃತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ.