ಮರು: ‘ಮಾಧ್ಯಮ ಸಾಕ್ಷರತೆ’ಗೆ ಊರಲ್ಲಿ ನಡೆಯುವ ಪದ ಬೇಕು (ನಾಳೆಯೊಳಗೆ)

> ಪಂಚಾಯಿತಿಯ ಅರಿವು ಕೇಂದ್ರಕ್ಕೆ ಫಲಕ ಬರೆಸಬೇಕು. ಕರಡಿನಲ್ಲಿ ‘ಮಾಧ್ಯಮ ಸಾಕ್ಷರತಾ ಕಾರ್ಯಾಗಾರ’ ಅಂತಿದೆ. ಓದಿದ ಇಬ್ಬರು ತಾಯಂದಿರು ‘ಇಂಗ್ಲಿಷ್ ಮಾಧ್ಯಮದ ಟ್ಯೂಷನ್ನಾ?’ ಅಂತ ಕೇಳಿದರು. ಫ್ಲೆಕ್ಸ್ ಅಂಗಡಿಗೆ ನಾಳೆ ಹನ್ನೊಂದಕ್ಕೆ ಕೊಡಬೇಕು.

ಆ ತಾಯಂದಿರು ಸರಿಯಾಗಿಯೇ ಓದಿದ್ದಾರೆ. ಊರುಗಳಲ್ಲಿ ಮಾಧ್ಯಮ ಅಂದರೆ ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮ. ಸಾಕ್ಷರತೆ ಅಂದರೆ ಸ್ಲೇಟು ಹಿಡಿಯೋದು, ಹೆಬ್ಬೆಟ್ಟು ಬಿಟ್ಟು ಸಹಿ ಹಾಕೋದು. 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂದಮೇಲೆ ಅದಕ್ಕೆ ಬೇರೆ ಅರ್ಥ ಉಳಿದಿಲ್ಲ. ಎರಡನ್ನೂ ಅಂಟಿಸಿದರೆ, ಬಂದ ಸುದ್ದಿ ನಿಜವೋ ಸುಳ್ಳೋ ಅಂತ ನೋಡೋದನ್ನು ಕಲಿಸೋದು ಅಂತ ಯಾರಿಗೂ ಹೊಳೆಯಲ್ಲ, ಟ್ಯೂಷನ್ನೇ ಆಗುತ್ತೆ.

ಇಲ್ಲಿ ಕೆಲವರು ಸೂಚಿಸಿದ ‘ಸುದ್ದಿಯರಿಮೆ’ ಬೇಡವೇ ಬೇಡ. ಅರಿಮೆ ಅನ್ನೋ ಪದವನ್ನು ಶಾಸ್ತ್ರ ಅನ್ನುವ ಅರ್ಥಕ್ಕೆ ಅಂತ ಹಿಡಿದಿಟ್ಟವರೇ ಅದನ್ನು ಇಲ್ಲಿಗೂ ಎಳೆದರೆ ಹೇಗೆ? ಅಚ್ಚಗನ್ನಡ ಅಂತ ವಾದಿಸಿದವರು ಗಮನಿಸಿ, ಸುದ್ದಿ ಅನ್ನೋದು ಶುದ್ಧಿಯ ತದ್ಭವ. ‘ಮೀಡಿಯಾ ಲಿಟರಸಿ ಅಂತಲೇ ಬರೆಯಿರಿ, ಬಸ್ಸು ಟಿಕೆಟ್ಟು ಬಂದ ಹಾಗೆ ಬರುತ್ತೆ’ ಅನ್ನುವುದನ್ನೂ ನಾನು ಒಪ್ಪಲ್ಲ. ಬಸ್ಸು ಊರಿಗೆ ಬಂತು, ಹಿಂದೆಯೇ ಪದವೂ ಬಂತು. ಇಲ್ಲಿ ಬರಬೇಕಾಗಿರೋದು ವಸ್ತುವಲ್ಲ, ರೂಢಿ. ಅದಕ್ಕೆ ಕ್ರಿಯಾಪದ ಬೇಕು. ಎರಡು ದಿನದಿಂದ ಎಲ್ಲರೂ ನಾಮಪದವನ್ನೇ ಹುಡುಕ್ತಿದೀವಿ.

ಕ್ರಿಯಾಪದ ಗಾದೆಯಲ್ಲೇ ಇದೆ: ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು. ಪರಾಮರ್ಶದಿಂದ ಬಂದದ್ದು. ಧಾತು ಮೃಶ್, ಮುಟ್ಟು ಅಂತ ಅರ್ಥ. ಕಷ್ಟದಲ್ಲಿರುವವರ ಮನೆಗೆ ಹೋಗಿ ವಿಚಾರಿಸಿಕೊಂಡು ಬರುವುದಕ್ಕೆ ತೆಲುಗಿನಲ್ಲಿ ಪರಾಮರ್ಶ ಅಂತಾರೆ, ನೋಡಿಕೊಂಡು ಕಾಪಾಡುವುದಕ್ಕೆ ತಮಿಳಿನಲ್ಲಿ ಪರಾಮರಿ. ನಮ್ಮಲ್ಲಿ ಅದು ಒರೆಗೆ ಹಚ್ಚುವ ಅರ್ಥಕ್ಕೆ ತಿರುಗಿತು. ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಸಂತೆಯಲ್ಲಿ ಹುಣಸೆಹಣ್ಣು ಕೊಳ್ಳುವಾಗ ಮೇಲಿಟ್ಟಿದ್ದನ್ನು ಸರಿಸಿ, ಬುಟ್ಟಿಯ ತಳಕ್ಕೆ ಕೈ ಹಾಕಿ, ಒಂದು ಚೂರು ಹಿಸುಕಿ ಬೀಜ ಎಷ್ಟಿದೆ ಅಂತ ನೋಡೋರು. ಪರಾಂಬರಿಸೋದು ಅಂದರೆ ಅದೇ.

ಸಾಕ್ಷರತೆ ಅನ್ನುವ ಪದವನ್ನು ಇಲ್ಲಿ ನೋಡಿದರೆ ನನಗೆ 2018ರ ಜುಲೈ ನೆನಪಾಗುತ್ತೆ. ಶಾಲೆಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದ ಹೊರಗಿನವರನ್ನು ಮಕ್ಕಳ ಕಳ್ಳರೆಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪು ಹೊಡೆಯಿತು. ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತರು. ವಾಟ್ಸಾಪಿನಲ್ಲಿ ಗುಲ್ಲೆಬ್ಬಿಸಿದವರಿಗೆ ಅಕ್ಷರ ಬರುತ್ತಿತ್ತು. ಆ ವರ್ಷ ಫೋನಿಂದ ಫೋನಿಗೆ ಓಡಾಡಿದ, ಬೈಕಿನವರು ಮಗು ಎತ್ತಿಕೊಂಡು ಹೋಗುವ ವಿಡಿಯೊ ಕರಾಚಿಯಲ್ಲಿ ಮಾಡಿದ್ದ ಜಾಗೃತಿ ಚಿತ್ರ. ಮಗುವನ್ನು ವಾಪಸ್ ಬಿಟ್ಟು ಸಂದೇಶ ತೋರಿಸುವ ಕೊನೆಯ ತುಣುಕನ್ನು ಕತ್ತರಿಸಿ ಹಂಚಿದ್ದರು. ಬುಟ್ಟಿಯ ತಳ ನೋಡಿದವರು ಎಷ್ಟು ಜನ?

‘ಈಗಿನ ಹುಡುಗರಿಗೆ ಪರಾಂಬರಿಸು ಗೊತ್ತಿಲ್ಲ’ ಅನ್ನುವವರು ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವವರ ಪಕ್ಕ ಹತ್ತು ನಿಮಿಷ ನಿಲ್ಲಲಿ. ‘ಪರಾಂಬರಿಸಿ ಆದೇಶ ನೀಡಬೇಕಾಗಿ’ ಅನ್ನುವ ಸಾಲು ಇನ್ನೂ ಬದುಕಿದೆ.

ಫಲಕಕ್ಕೆ, ದಪ್ಪ ಅಕ್ಷರದಲ್ಲಿ:

ಪರಾಂಬರಿಸಿ ನೋಡಿ, ಆಮೇಲೆ ಕಳಿಸಿ

ಕೆಳಗೆ ಸಣ್ಣದಾಗಿ: ಮೊಬೈಲಿಗೆ ಬಂದ ಸುದ್ದಿ ನಿಜವೋ ಸುಳ್ಳೋ ಕಂಡುಕೊಳ್ಳುವ ಬಗೆ. ಜಾಗ ಉಳಿದರೆ ‘ಜೋಡಿ ಬಾಣದ ಗುರುತು ಕಂಡರೆ ಕೈ ತಡೆಯಿರಿ’ ಅಂತಲೂ ಸೇರಿಸಿ. ತುಂಬ ಕೈ ದಾಟಿ ಬಂದ ಸಂದೇಶಕ್ಕೆ ವಾಟ್ಸಾಪ್ ಹಾಕುವ ಗುರುತು ಅದು, ಎಷ್ಟೋ ಜನ ಗಮನಿಸಿಯೇ ಇಲ್ಲ. ಸುದ್ದಿ ತದ್ಭವ ಅಂತ ಬಿಡಬೇಕಾಗಿಲ್ಲ, ನಾನೂ ಬಿಟ್ಟಿಲ್ಲ.

‘ರಾ’ ಮುಂದಿನ ಸೊನ್ನೆ ಡಿಟಿಪಿಯಲ್ಲಿ ಬಿದ್ದುಹೋಗಬಹುದು. ಪ್ರೂಫ್ ಇಲ್ಲಿಗೇ ಕಳಿಸಿ, ರಾತ್ರಿ ಎಷ್ಟೊತ್ತಾದರೂ ನೋಡಿಕೊಡ್ತೀನಿ.