ಜಾರ್ಜಿಯಾ ಬೋಲ್ಡ್ ಇಟಾಲಿಕ್ ಮಸಿ ಹರಡಿದಂತೆ ಕಾಣುತ್ತಿದೆ: ಪರಿಹಾರವೇನು?

ಪ್ರಶ್ನೆ: ನಮ್ಮ ಸಂಘದ ಸ್ಮರಣ ಸಂಚಿಕೆಯ ಪುಟಗಳನ್ನು ಲಿಬ್ರೆ ಆಫೀಸ್‌ನಲ್ಲಿ ಜೋಡಿಸುತ್ತಿದ್ದೇನೆ. ಇಂಗ್ಲಿಷ್ ಶೀರ್ಷಿಕೆಗಳಿಗೆ ಜಾರ್ಜಿಯಾ ಎಂಬ ಫಾಂಟಿನ ಬೋಲ್ಡ್ ಇಟಾಲಿಕ್ (ದಪ್ಪ ಓರೆ) ರೂಪ ಹಾಕಿದ್ದೇನೆ. ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಸೊಗಸಾಗಿದ್ದ ಸಾಲು ಮನೆಯ ಲಿನಕ್ಸ್‌ನಲ್ಲಿ ಮಸಿ ಹರಡಿದಂತೆ ಕಾಣುತ್ತಿದೆ. ಇಸವಿಗಳ ಅಂಕಿಗಳೂ ಮೇಲೆ ಕೆಳಗಾಗಿವೆ. ಮುದ್ರಣಕ್ಕೆ ಕೊಡುವ ಮುನ್ನ ಏನು ಮಾಡಬೇಕು, ದಯವಿಟ್ಟು ತಿಳಿಸಿ.

ಉತ್ತರ: ತಾವು ಲಿನಕ್ಸ್‌ನಲ್ಲಿ ಹಾಕಿರುವುದು ಸಾಮಾನ್ಯ ರೂಪದ ಕಡತವೊಂದನ್ನೇ ಇರಬೇಕು. ಜಾರ್ಜಿಯಾಕ್ಕೆ ಸಾಮಾನ್ಯ, ಬೋಲ್ಡ್, ಇಟಾಲಿಕ್, ಬೋಲ್ಡ್ ಇಟಾಲಿಕ್ ಎಂದು ನಾಲ್ಕು ಕಡತಗಳಿವೆ. ಬೋಲ್ಡ್ ಇಟಾಲಿಕ್‌ನದು ಇಲ್ಲದಿದ್ದಾಗ ತಂತ್ರಾಂಶವು ನೆಟ್ಟಗಿನ ಅಕ್ಷರವನ್ನೇ ವಾಲಿಸಿ, ಅದರ ಅಂಚನ್ನು ಉಬ್ಬಿಸಿ ತೋರಿಸುತ್ತದೆ. ಇಂಗ್ಲಿಷಿನ ಚಿಕ್ಕ ‘ಎ’ಯನ್ನು ಹಿಗ್ಗಿಸಿ ನೋಡಿದರೆ ಇದು ಖಚಿತವಾಗುತ್ತದೆ: ನಿಜವಾದ ಇಟಾಲಿಕ್‌ನಲ್ಲಿ ಅದಕ್ಕೆ ಕೈಬರಹದಂತೆ ಒಂದೇ ಹೊಟ್ಟೆ, ಹೊಟ್ಟೆಯ ಮೇಲೆ ಕೊಕ್ಕೆ ಬಾಗಿಕೊಂಡಿದ್ದರೆ ಅದು ವಾಲಿಸಿದ ಅಕ್ಷರ.

ಇಟಾಲಿಕ್ ಎಂದರೆ ಬರಿಯ ಓರೆಯಲ್ಲ. ವೆನಿಸ್‌ನ ಮುದ್ರಕ ಆಲ್ಡಸ್ ಮನುಟಿಯಸ್ 1501ರಲ್ಲಿ ಇಡೀ ಪುಸ್ತಕಕ್ಕೆ ಬಳಸಿದ, ಫ್ರಾಂಚೆಸ್ಕೊ ಗ್ರಿಫೊ ಅಚ್ಚು ಕೊರೆದ ಇಟಾಲಿಕ್ ಅಂದಿನ ಕೈಬರಹವನ್ನೇ ಅನುಸರಿಸಿತ್ತು. ಪಠ್ಯದ ನಡುವೆ ಒತ್ತು ಕೊಡಲು ದಪ್ಪಕ್ಷರ ರೂಢಿಗೆ ಬಂದದ್ದಾದರೋ 19ನೆಯ ಶತಮಾನದಲ್ಲಿ. ಇಟಾಲಿಕ್ ಅಕ್ಷರಗಳು ಕಿರಿದಾಗಿರುವುದರಿಂದ ಅವುಗಳ ಒಳಬಯಲು, ಅಂದರೆ ಅಕ್ಷರದೊಳಗಿನ ಖಾಲಿ ಜಾಗ, ಮೊದಲೇ ಕಡಿಮೆ. ಅದರೊಳಗೆ ತೂಕ (ಗೆರೆಯ ದಪ್ಪ) ತುಂಬುವಾಗ ಗೆರೆಗಳು ಕೂಡುವ ಮೂಲೆ ಮುಚ್ಚಿಹೋಗದಂತೆ ವಿನ್ಯಾಸಕಾರರು ಒಂದೊಂದು ಅಕ್ಷರವನ್ನೂ ಬೇರೆಯಾಗಿಯೇ ತಿದ್ದಬೇಕಾಗುತ್ತದೆ. ಅಕ್ಷರ ವಿನ್ಯಾಸಕಾರ ಮ್ಯಾಥ್ಯೂ ಕಾರ್ಟರ್ ಕಂಪ್ಯೂಟರ್ ಪರದೆಗೆಂದೇ ರೂಪಿಸಿದ ಜಾರ್ಜಿಯಾದಲ್ಲಿ ಈ ಶ್ರಮ ಕಣ್ಣಿಗೆ ಕಾಣುತ್ತದೆ, ಯಂತ್ರ ಉಬ್ಬಿಸಿದ ರೂಪದಲ್ಲಿ ಅದು ಅಳಿಸಿಹೋಗುತ್ತದೆ.

ಮೈಕ್ರೋಸಾಫ್ಟ್‌ನ ಹಳೆಯ ಕೋರ್ ಫಾಂಟ್‌ಗಳ ಪ್ಯಾಕೇಜಿನಲ್ಲಿ ನಾಲ್ಕೂ ಕಡತಗಳಿವೆ, ಅದನ್ನು ಹಾಕಿಕೊಳ್ಳಿ. ಮುಕ್ತ ಫಾಂಟೇ ಬೇಕೆಂದರೆ ಜೆಲಾಸಿಯೊ ಇದೆ. ಅದರ ಅಕ್ಷರಗಳ ಅಗಲ ಜಾರ್ಜಿಯಾದಷ್ಟೇ ಇರುವುದರಿಂದ ಸಾಲುಗಳು ಮುರಿಯುವ ಜಾಗ ಬದಲಾಗುವುದಿಲ್ಲ.

ಅಂಕಿಗಳದ್ದು ದೋಷವಲ್ಲ. 1973 ಎಂದು ಬರೆದಾಗ 1 ಗಿಡ್ಡಾಗಿ, ಉಳಿದವು ಸಾಲಿನ ಕೆಳಗಿಳಿದು ಕಾಣುವುದು ಜಾರ್ಜಿಯಾದ ಮೂಲ ವಿನ್ಯಾಸವೇ.

ಇನ್ನೊಂದು ಮಾತು. ಬೋಲ್ಡ್ ಇಟಾಲಿಕ್ ರೂಪವನ್ನು ಪ್ಯಾರಾಗಟ್ಟಲೆ ಬಳಸಬೇಡಿ, ಓದುವ ಕಣ್ಣು ದಣಿಯುತ್ತದೆ. ದಪ್ಪ ಶೀರ್ಷಿಕೆಯೊಳಗೆ ಪುಸ್ತಕದ ಹೆಸರೋ ಒತ್ತಿ ಹೇಳಬೇಕಾದ ಪದವೋ ಬಂದಾಗ ಅದು ಅತ್ಯಂತ ಸಾರ್ಥಕವಾಗುತ್ತದೆ.

ಮರುಪ್ರಶ್ನೆ: ನಾಲ್ಕೂ ಕಡತಗಳನ್ನು ಹಾಕಿದ ಮೇಲೆ ಸರಿಹೋಯಿತು, ಧನ್ಯವಾದಗಳು. ಹೊಂದಾಣಿಕೆಗಾಗಿ ಪಕ್ಕದ ಕನ್ನಡ ಶೀರ್ಷಿಕೆಯನ್ನೂ ಬೋಲ್ಡ್ ಇಟಾಲಿಕ್ ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಕನ್ನಡದ ಹೆಚ್ಚಿನ ಫಾಂಟ್‌ಗಳಿಗೆ ಇಟಾಲಿಕ್ ಕಡತವೇ ಇಲ್ಲವಾದ್ದರಿಂದ ಮತ್ತೆ ಯಂತ್ರವೇ ಅಕ್ಷರವನ್ನು ವಾಲಿಸಿ ಉಬ್ಬಿಸುತ್ತದೆ. ಆಗ ಸಣ್ಣ ಗಾತ್ರದಲ್ಲಿ ‘ಧ’ದ ಹೊಟ್ಟೆ ಸೀಳುವ ಗೆರೆ ಮುಚ್ಚಿಕೊಂಡು ‘ಧನ’ವು ‘ದನ’ವಾಗಿ ಕಾಣಬಹುದು, ಒತ್ತಕ್ಷರಗಳು ಕೆಳಗಿನ ಸಾಲಿನ ಕಡೆಗೆ ಜಾರಿದಂತೆ ತೋರುತ್ತವೆ. ಕನ್ನಡವನ್ನು ನೆಟ್ಟಗಿನ ಬೋಲ್ಡ್‌ನಲ್ಲಿಯೇ, ಆ ತೂಕದ ಕಡತವಿರುವ ಫಾಂಟಿನಿಂದ ಜೋಡಿಸಿ. ಪಿಡಿಎಫ್ ಮಾಡಿದ ಬಳಿಕ ಅದರ ಪ್ರಾಪರ್ಟೀಸ್‌ನಲ್ಲಿರುವ ಫಾಂಟ್‌ಗಳ ಪಟ್ಟಿಯಲ್ಲಿ ಬೋಲ್ಡ್ ಇಟಾಲಿಕ್ ಪ್ರತ್ಯೇಕವಾಗಿ ನಮೂದಾಗಿದೆಯೇ ಎಂದು ನೋಡಿಕೊಂಡು, ನಂತರವೇ ಮುದ್ರಣಾಲಯಕ್ಕೆ ಕಳುಹಿಸಿ.